ಬಾಗಿಲಿನ ಗಿಟಾರಿಗೆ ನೆಕ್ ಹುಡುಕಿದ್ದು

ನಾನು ಏಣಿಯಿಂದ ಬಿದ್ದದ್ದು ಬಾಡಿಗೆದಾರರ ನೀರಿಗಾಗಿ. ಬಿಳೇಕಹಳ್ಳಿಯ ನಮ್ಮ ಕಟ್ಟಡದ ಮೂರನೇ ಮಹಡಿಯವರು ಬೆಳಗ್ಗೆ ಫೋನ್ ಮಾಡಿ, "ಅಂಕಲ್, ನೀರು ಬರ್ತಿಲ್ಲ" ಎಂದರು. ಪ್ಲಂಬರನ್ನು ಕರೆದಿದ್ದರೆ ಮುಗಿಯುತ್ತಿತ್ತು. ಆದರೆ ಮನೆ ಮಾಲೀಕರಾದವರಿಗೆಲ್ಲ ಒಂದು ರೋಗವಿದೆ. ತಮ್ಮ ಮನೆಯ ವಾಲ್ವ್ ತಮಗೆ ಗೊತ್ತಿರುವಷ್ಟು ಬ್ರಹ್ಮನಿಗೂ ಗೊತ್ತಿಲ್ಲ ಎಂದುಕೊಂಡಿರುತ್ತಾರೆ. ಟ್ಯಾಂಕಿನ ಏಣಿ ಹತ್ತಿ ವಾಲ್ವ್ ತಿರುಗಿಸಿದೆ. ಇಳಿಯುವಾಗ ಪಾಚಿಯ ಮೇಲೆ ಕಾಲಿಟ್ಟೆ. ಎಡ ಹೆಗಲಿನ ಮೂಳೆ ಮುರಿಯಿತು. ನೀರೇನೋ ಬಂತು.

ಮೂಳೆ ಕೂಡಿಕೊಂಡ ಮೇಲೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕೂಡಿದ್ದು ಸ್ವಲ್ಪ ಸೊಟ್ಟಗಿದೆ, ಇನ್ನು ಮುಂದೆ ಆ ಹೆಗಲಿಗೆ ಭಾರ ನೇತುಹಾಕಬೇಡಿ ಎಂದರು. ನಾನು ಗಿಟಾರಿನ ಮಾತೆತ್ತಿದೆ. "ಗಿಟಾರ್ ಮಹಾ ಎಷ್ಟು ಭಾರ ಇರುತ್ತೆ?" ಎಂದು ನಕ್ಕರು. ಅದು ಕೂತು ನೋಡುವವರ ಮಾತು. ಸ್ಟೇಜಿನ ಎಲೆಕ್ಟ್ರಿಕ್ ಗಿಟಾರ್ ಮೊದಲ ಹಾಡಿನಲ್ಲಿ ಹಗುರವಾಗಿಯೇ ಇರುತ್ತದೆ. ಸಂಜೆ ಕಳೆಯುವ ಹೊತ್ತಿಗೆ ಹೆಗಲ ಮೇಲೆ ಯಾರೋ ಕೂತಂತಿರುತ್ತದೆ.

ನಾನು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವನು. ಹಗಲು ನಮ್ಮದೇ ಕಟ್ಟಡದ ಕೆಳಗೆ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟುಕೊಂಡು ಕೂರುತ್ತೇನೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯುವವರೆಗೆ ಸಂಜೆಗಳೆಲ್ಲ ಬನಶಂಕರಿ, ಬಿಟಿಎಂ, ಜಯನಗರ, ಜೆ.ಪಿ. ನಗರಗಳಲ್ಲಿ ರಸ್ತೆಗೆ ಅಡ್ಡಲಾಗಿ ಹಾಕಿದ ಸ್ಟೇಜುಗಳ ಮೇಲೆ. ಮೀಸೆ ಮೂಡುವ ಕಾಲಕ್ಕೆ ಹಿಡಿದ ಈ ಹುಚ್ಚು ಮೀಸೆ ನರೆತರೂ ಬಿಟ್ಟಿಲ್ಲ. ಹೊಲಗಳೆಲ್ಲ ಲೇಔಟುಗಳಾಗಿ, ಹೊಲದ ಬದಲು ಬಾಡಿಗೆ ಮನೆಗಳು ಬಂದ ನಮ್ಮಂಥ ಮನೆತನಗಳಲ್ಲಿ ಗಂಡಸರಿಗೆ ನಿಜವಾದ ಕೆಲಸ ಕಡಿಮೆ. ನನಗೆ ಕೆಲಸ ಎಂದರೆ ಆ ಸ್ಟೇಜು. ಅದೊಂದು ಹೋದರೆ ನಾನು ಬರೀ ವಾಲ್ವ್ ತಿರುಗಿಸುವ ಅಂಕಲ್. ಆ ಯೋಚನೆ ಬಂದಾಗೆಲ್ಲ ನನಗೆ ಮೂಳೆ ನೋವಿಗಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು.

ಆರ್ಕೆಸ್ಟ್ರಾ ನಡೆಸುವವನು ನನಗಿಂತ ಚಿಕ್ಕವನು. ತಾನೇ ಹಾಡುತ್ತಾನೆ, ಒಳ್ಳೆಯ ಕಂಠ, ಒಳ್ಳೆಯ ಮನುಷ್ಯ. ಹಣ್ಣು ಹಿಡಿದುಕೊಂಡು ನನ್ನನ್ನು ನೋಡಲು ಬಂದವನು, "ಅಣ್ಣ, ನೀವು ಆರಾಮಾಗಿ ರೆಸ್ಟ್ ತಗೊಳ್ಳಿ. ಗಿಟಾರ್ ಬಿಟ್ಸ್ ಎಲ್ಲಾ ಕೀಬೋರ್ಡಲ್ಲೇ ಹಾಕ್ಬಿಡ್ತೀವಿ. ಈಗಿನ ಕೀಬೋರ್ಡಲ್ಲಿ ಗಿಟಾರ್ ಸೌಂಡ್ ಸಖತ್ತಾಗಿ ಬರುತ್ತೆ" ಎಂದ. ಸಮಾಧಾನ ಹೇಳಲು ಬಂದವನ ಬಾಯಲ್ಲಿ ಬಂದ ಈ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

"ಕೂತ್ಕೊಂಡು ನುಡಿಸ್ತೀನಿ ಬಿಡಪ್ಪ," ಎಂದೆ.

"ಕೂತ್ಕೊಂಡ್ರೆ ಸಂಗೀತ ಕಚೇರಿ ತರ ಕಾಣುತ್ತೆ ಅಣ್ಣ. ಮುಂದೆ ಹುಡುಗ್ರು ಕುಣೀತಿರ್ತಾರೆ, ನೀವು ಚೇರ್ ಹಾಕ್ಕೊಂಡು ಕೂತ್ರೆ ಹೆಂಗೆ? ಹಬ್ಬದ ಹೊತ್ತಿಗೆ ನಿಂತ್ಕೊಂಡು ನುಡಿಸೋಕಾದ್ರೆ ಬನ್ನಿ. ನಿಮ್ ಜಾಗ ನಿಮ್ದೇ."

ನನ್ನ ಜಾಗ ನನ್ನದು ಎಂದು ಇನ್ನೊಬ್ಬ ಹೇಳಬೇಕಾಗಿ ಬಂತಲ್ಲ ಎಂದು ಅವನು ಹೋದ ಮೇಲೂ ಮುಖ ಊದಿಸಿಕೊಂಡು ಕೂತಿದ್ದೆ. ಹಗುರವಾದ ಗಿಟಾರ್ ಬೇಕೆಂದು ಅಂಗಡಿಗಳನ್ನೆಲ್ಲ ಸುತ್ತಿದೆ. ಒಂದು ಹಗುರವಾಗಿತ್ತು, ಆದರೆ ಸ್ಪೀಕರ್ ಮುಂದೆ ನಿಂತರೆ ನಾಯಿಯ ಹಾಗೆ ಊಳಿಡುತ್ತಿತ್ತು. ಇನ್ನೊಂದು ಆಟದ ಸಾಮಾನಿನಂತಿತ್ತು, ನನ್ನ ದಪ್ಪ ಬೆರಳುಗಳಿಗೆ ಅದರಲ್ಲಿ ಜಾಗವೇ ಇಲ್ಲ. ಕೊನೆಗೆ ನಮ್ಮ ಡ್ರಮ್ಸ್ ಹುಡುಗ ತಲಘಟ್ಟಪುರದಲ್ಲಿ ಒಬ್ಬರು ಅಳತೆಗೆ ತಕ್ಕ ಹಾಗೆ ಗಿಟಾರ್ ಮಾಡಿಕೊಡುತ್ತಾರೆ ಎಂದ.

ಹೋಗಿ ನೋಡಿದರೆ ಮಾಡುವವಳು ಹೆಣ್ಣುಮಗಳು, ಮೂವತ್ತರ ಆಸುಪಾಸು. ಗ್ರಾನೈಟ್ ಕೊಯ್ಯುವವರ ಅಂಗಳದ ಹಿಂದೆ ಶೀಟಿನ ಶೆಡ್ಡು. ಕೂದಲ ತುಂಬ ಮರದ ಹೊಟ್ಟು, ಮಾತು ಮಾತ್ರ ನೇರ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಂಕಲ್, ನೀವು ಒಂದೇ ಸಲಕ್ಕೆ ಎಷ್ಟೊತ್ತು ನಿಂತ್ಕೋತೀರ?" ಎಂದಳು. ಗಿಟಾರ್ ಮಾಡುವವಳೂ ಅಂಕಲ್ ಎನ್ನಬೇಕೇ ಎಂದು ಮನಸ್ಸಿನಲ್ಲೇ ಗೊಣಗಿಕೊಂಡೆ. ಆಮೇಲೆ ನನ್ನ ಕಥೆಯನ್ನೆಲ್ಲ ಹೇಳಿದೆ. ಅವಳು ಸಮಾಧಾನವಾಗಿ ಕೇಳಿಸಿಕೊಂಡು, ಗಿಟಾರಿನ ಬಾಡಿಯ, ಅಂದರೆ ಒಡಲಿನ, ಒಳಗನ್ನು ಟೊಳ್ಳು ಮಾಡಿ ಮೇಲೊಂದು ಮುಚ್ಚಳ ಕೂರಿಸಿದರೆ ತೂಕ ಇಳಿಯುತ್ತದೆ, ಮರ ಹಳೆಯದಾಗಿ ಒಣಗಿದ್ದಷ್ಟೂ ಒಳ್ಳೆಯದು ಎಂದಳು. "ಹಲಸು ಸಿಕ್ಕಿದ್ರೆ ಬೆಸ್ಟು. ವೀಣೆಗೆ ಹಾಕೋ ಮರ ಅದು."

ಹಲಸಿನ ಮರ ನನ್ನ ಮನೆಯಲ್ಲೇ ಇತ್ತು. ಹಳೆಯ ಮನೆ ಕೆಡವಿ ಈಗಿನ ಕಟ್ಟಡ ಕಟ್ಟಿದಾಗ ಹಳೆ ಸಾಮಾನಿನವರು ಹೆಂಚು, ತೊಲೆ, ಕಂಬಗಳನ್ನೆಲ್ಲ ಲಾರಿಗೆ ತುಂಬಿಕೊಂಡು ಹೋದರು. ಹೆಬ್ಬಾಗಿಲೊಂದನ್ನು ಮಾತ್ರ ಅಮ್ಮ ಬಿಟ್ಟುಕೊಡಲಿಲ್ಲ. ಹಲಸಿನ ಬಾಗಿಲು, ಹೊನ್ನೆ ಮರದ ಚೌಕಟ್ಟು, ಕೆಳಗಿನ ಹೊಸ್ತಿಲು ಎಲ್ಲ ಮಹಡಿಯ ಮೇಲಿನ ಶೀಟಿನ ಕೋಣೆಗೆ ಸೇರಿದವು. ಈಗಲೂ ಶುಕ್ರವಾರ ಕೆಳಗಿನ ಮನೆಯ ಹೊಸ ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟಾದ ಮೇಲೆ ಅಮ್ಮ ಮೇಲೆ ಹೋಗಿ, ಗೋಡೆಗೆ ಒರಗಿಸಿಟ್ಟ ಹಳೆಯ ಹೊಸ್ತಿಲಿಗೂ ಇಟ್ಟು ಬರುತ್ತಾರೆ. ಯಾರೂ ದಾಟದ ಹೊಸ್ತಿಲಿಗೆ ಯಾಕಮ್ಮ ಎಂದು ಒಮ್ಮೆ ರೇಗಿಸಿದ್ದೆ. "ನಾನು ದಾಟ್ಕೊಂಡೇ ಈ ಮನೆಗೆ ಬಂದಿದ್ದು" ಎಂದು ಬಾಯಿ ಮುಚ್ಚಿಸಿದ್ದರು.

ಹೆದರುತ್ತಲೇ ಬಾಗಿಲು ಕೇಳಿದೆ. ಅಮ್ಮನಿಗೆ ನನ್ನ ಗಿಟಾರಿನ ಮೇಲೆ ದೊಡ್ಡ ಗೌರವವೇನೂ ಇಲ್ಲ. ಆದರೆ ನಾನು ಸಂಜೆ ಹೊತ್ತು ಮನೆಯಲ್ಲಿ ಕೂತು ಟಿವಿ ರಿಮೋಟ್ ಕಿತ್ತುಕೊಳ್ಳುವುದನ್ನು ಆಗಲೇ ಕೆಲವು ತಿಂಗಳಿಂದ ಸಹಿಸಿದ್ದರು.

"ಬಾಗ್ಲು ತಗೊಂಡೋಗು. ಚೌಕಟ್ಟಲ್ಲೂ ಏನಾದ್ರೂ ಬೇಕಾದ್ರೆ ತಗೋ. ಹೊಸ್ಲು ಮಾತ್ರ ಮುಟ್ಬೇಡ," ಎಂದರು.

ಶೆಡ್ಡಿನಲ್ಲಿ ಗಿಟಾರ್ ಮಾಡುವವಳು ಬಾಗಿಲಿನ ಹಲಗೆಯನ್ನು ತುಂಡು ಮಾಡಿದಾಗ ನಾನು ಮುಖ ಆ ಕಡೆ ತಿರುಗಿಸಿಕೊಂಡೆ. ಆದರೆ ಹೊರಗಿನ ಕಪ್ಪು ಎಣ್ಣೆಜಿಡ್ಡನ್ನು ರಂದ ಹೊಡೆದು ತೆಗೆದಾಗ ಒಳಗಿನಿಂದ ಬಂದ ಬಣ್ಣ ನೋಡಬೇಕಿತ್ತು. ಬೆಲ್ಲದ ಪಾಕದ ಬಣ್ಣ. ಹಳೆಯ ಮೊಳೆಗಳನ್ನು ಒಂದೊಂದಾಗಿ ಕಿತ್ತು ಆ ತೂತುಗಳಿಗೆ ಅದೇ ಮರದ ಬೆಣೆ ಹಾಕಿದಳು. ಎರಡು ಹಲಗೆ ಜೋಡಿಸಿ, ಒಳಗೆ ಕೊರೆದು, ಮುಚ್ಚಳ ಕೂರಿಸಿ ಕೈಗೆ ಕೊಟ್ಟಾಗ ನನಗೆ ನಗುವೇ ಬಂತು. ಅಷ್ಟು ಹಗುರ. ಇನ್ನೇನು ಗೆದ್ದೆ ಎಂದುಕೊಂಡೆ. ಆದರೆ ನೆಕ್ ಇನ್ನೂ ಬಾಕಿಯಿತ್ತು.

ನೆಕ್ ಎಂದರೆ ಗಿಟಾರಿನ ಉದ್ದನೆಯ ಕತ್ತು. ಎಡಗೈ ಓಡಾಡುವ ಜಾಗ. ತಂತಿಗಳು ಅದನ್ನು ಸದಾ ಎಳೆಯುತ್ತಿರುತ್ತವೆ, ಆದ್ದರಿಂದ ಮರ ಗಟ್ಟಿಯಿರಬೇಕು. ಗಟ್ಟಿ ಮರವಾದರೆ ಭಾರ. ಬಾಡಿ ಹಗುರವಾಗಿ ನೆಕ್ ಭಾರವಾದರೆ ಬೆಲ್ಟ್ ಹಾಕಿಕೊಂಡು ನಿಂತಾಗ ಗಿಟಾರ್ ತಲೆ ತಗ್ಗಿಸುತ್ತದೆ. ಆಗ ಎಡಗೈ ನುಡಿಸುವುದನ್ನು ಬಿಟ್ಟು ಅದನ್ನು ಎತ್ತಿ ಹಿಡಿಯುವ ಕೂಲಿಗೆ ನಿಲ್ಲಬೇಕು. ನನ್ನದು ಎಡ ಹೆಗಲೇ ಮುರಿದ ಕೇಸು. ಇದನ್ನೆಲ್ಲ ಅವಳು ನನಗೆ ಬಿಡಿಸಿ ಹೇಳಿದಳು, ನಾನು ತಲೆಯನ್ನೂ ಆಡಿಸಿದೆ.

ಒಂದು ಬೆಳಗ್ಗೆ ಟೇಬಲ್ ಮೇಲೆ ನೆಕ್ಕಿಗೆಂದು ಕೊಯ್ದ ಪಟ್ಟಿಗಳನ್ನು ಸಾಲಾಗಿ ಇಟ್ಟಿದ್ದಳು. ಮೊದಲನೆಯದು ಹೊರದೇಶದ ಮೇಪಲ್. ಬಿಳಿ ಎಂದರೆ ಬಿಳಿ. ನಮ್ಮ ಬಾಗಿಲಿನ ಪಕ್ಕ ಇಟ್ಟರೆ ಪಂಚೆ ಉಟ್ಟವನ ಕಾಲಿಗೆ ಕ್ರಿಕೆಟ್ ಶೂ ಹಾಕಿದಂತೆ ಕಾಣುತ್ತಿತ್ತು. ಬೇಡವೆಂದೆ. ಎರಡನೆಯದು ಬೀಟೆ. ಕಪ್ಪು ಗೆರೆಗಳ ಸುಂದರಾಂಗ, ಎತ್ತಿದರೆ ಕಲ್ಲು. ಅವಳೇ ಬೇಡವೆಂದಳು. ಮೂರನೆಯದು ನಮ್ಮದೇ ಚೌಕಟ್ಟಿನ ನಿಲುವು ಮರದಿಂದ ಕೊಯ್ದ ಹೊನ್ನೆ. ಸಕ್ಕರೆ ಕಾಯಿಲೆಯವರಿಗೆ ಲೋಟ ಮಾಡಿ ಮಾರುತ್ತಾರಲ್ಲ, ಅದೇ ಮರ. ಜೇನಿನಂಥ ಕಂದು, ಬಾಗಿಲಿನ ಬಣ್ಣಕ್ಕೆ ಒಂದೇ ಒಂದು ಛಾಯೆ ಮುಂದೆ. ಅದರ ಪಕ್ಕ ನಾಲ್ಕನೆಯದೊಂದಿತ್ತು, ನಸುಗೆಂಪು, ಮೈಮೇಲೆ ಸಣ್ಣ ಸಣ್ಣ ಮಿಂಚು ಚುಕ್ಕೆ.

"ಇದ್ಯಾವುದು?" ಎಂದೆ.

"ಸಿಲ್ವರ್ ಓಕ್. ಜಯನಗರದಲ್ಲಿ ಒಂದು ಕಾಂಪೌಂಡಲ್ಲಿ ಮಳೆಗೆ ಬಿದ್ದಿತ್ತು. ತಂದು ಒಣಗ್ಸಿದೀನಿ. ಹಗುರ ಅಂಕಲ್. ಮಧ್ಯೆ ಬೀಟೆದು ಒಂದು ತೆಳು ಪಟ್ಟಿ ಕೊಟ್ಟು, ಒಳಗೆ ಸ್ಟೀಲ್ ರಾಡ್ ಹಾಕಿದ್ರೆ ಬಗ್ಗಲ್ಲ. ನಿಮ್ಗೆ ಇದೇ ಸರಿ."

ನನಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಸಿಲ್ವರ್ ಓಕ್ ಎಂದರೆ ಟೊಮೇಟೊ, ದ್ರಾಕ್ಷಿ ತುಂಬುವ ಪೆಟ್ಟಿಗೆಯ ಮರ. ಮಾರ್ಕೆಟಿನ ಹಿಂದೆ ಒಡೆದು ಒಲೆಗೆ ಹಾಕುತ್ತಾರೆ. ನಮ್ಮ ಕಡೆ ಅದರಲ್ಲಿ ಯಾರೂ ಒಂದು ಮಣೆಯನ್ನೂ ಮಾಡಿಸುವುದಿಲ್ಲ. ನಮ್ಮ ಮನೆಯ ಹೆಬ್ಬಾಗಿಲಿಗೆ ಡಬ್ಬಿ ಮರದ ಕತ್ತೇ? ಊರಲ್ಲಿ ಹೊಲ ಉಳಿಯದಿದ್ದರೂ ಬಾಗಿಲಿನ ಜಂಬ ಉಳಿದಿತ್ತು. ನಮ್ಮ ಕಾಲದವರು ಒಂದು ಮನೆಯನ್ನು ಅಳೆಯುತ್ತಿದ್ದದ್ದೇ ಬಾಗಿಲಿನ ಮರದಿಂದ. ಬಾಗಿಲು ನೋಡಿ ಹೆಣ್ಣು ಕೊಡುತ್ತಿದ್ದರು, ಬಾಗಿಲು ನೋಡಿ ಕೂರುವುದೋ ನಿಂತೇ ಹೊರಡುವುದೋ ತೀರ್ಮಾನಿಸುತ್ತಿದ್ದರು.

"ಬಾಗಿಲೂ ಚೌಕಟ್ಟೂ ಒಂದೇ ಮನೇವು. ಒಟ್ಟಿಗೇ ಇದ್ದವು, ಒಟ್ಟಿಗೇ ಇರ್ಲಿ. ಹೊನ್ನೆನೇ ಹಾಕಮ್ಮ," ಎಂದೆ.

ಅವಳು ಸುಮ್ಮನೆ ಒಪ್ಪಲಿಲ್ಲ. ಗಿಟಾರಿನ ಬಾಡಿಗೆ ಬೆಲ್ಟ್ ಕಟ್ಟಿ ಕಬ್ಬಿಣದ ಸರಳಿಗೆ ನೇತುಹಾಕಿ, ಒಂದೊಂದೇ ಪಟ್ಟಿಯನ್ನು ಕ್ಲಾಂಪಿನಿಂದ ಬಿಗಿದು ತೋರಿಸಿದಳು. ಸಿಲ್ವರ್ ಓಕ್ ಅಡ್ಡಕ್ಕೆ ನೆಟ್ಟಗೆ ನಿಂತಿತು. ಹೊನ್ನೆ ಮೆಲ್ಲಗೆ ಮೂತಿ ತಗ್ಗಿಸಿತು.

"ಸ್ವಲ್ಪ ತಾನೆ," ಎಂದೆ.

"ಇನ್ನೂ ತಲೆಗೆ ತಂತಿ ಬಿಗಿಯೋ ಕೀಗಳು ಬರ್ಬೇಕು. ಆರು ಕೀ. ಆಗ ಇನ್ನೂ ಬಗ್ಗುತ್ತೆ."

"ನಾನು ಹಿಡ್ಕೋತೀನಿ."

ಅವಳು ನನ್ನ ಎಡ ಹೆಗಲನ್ನು ನೋಡಿದಳು. ಆಮೇಲೆ, ಬೆಲ್ಟ್ ಸಿಕ್ಕಿಸುವ ಗುಂಡಿಯನ್ನು ಬೇರೆ ಕಡೆ ಹಾಕಿದರೆ ಸರಿಹೋದರೂ ಹೋಗಬಹುದು ಎಂದಳು. ಅವಳಿಗೂ ಒಳಗೊಳಗೆ ಹೊನ್ನೆಯ ಮೇಲೆ ಆಸೆಯಿತ್ತೆಂದು ನನ್ನ ಅನುಮಾನ. ಅಂಥ ಹಳೆಯ ಮರ ಅವಳ ಕೈಗೂ ದಿನಾ ಸಿಗುವುದಿಲ್ಲ. ಇಬ್ಬರೂ ಸೇರಿ ನಮಗೆ ಬೇಕಾದ್ದನ್ನೇ ನಿಜವೆಂದು ಒಪ್ಪಿಕೊಂಡೆವು.

ಗಿಟಾರ್ ಸಿದ್ಧವಾದ ದಿನ ಒಂದು ಸ್ವರಕೂಟ ಬಾರಿಸಿ ಕೈ ತೆಗೆದೆ. ನಾದ ನಿಲ್ಲಲೇ ಇಲ್ಲ. ದೇವಸ್ಥಾನದ ಗಂಟೆ ಹೊಡೆದು ಹೊರಗೆ ಬಂದರೂ ಕಿವಿಯಲ್ಲಿ ಉಳಿಯುತ್ತದಲ್ಲ, ಹಾಗೆ ಉಳಿಯಿತು. ನೋಡುವುದಕ್ಕೂ ಬಾಗಿಲಿಗೆ ಚೌಕಟ್ಟು ಹೇಗೆ ಕೂತಿತ್ತೋ ಹಾಗೇ ಕೂತಿತ್ತು. ಕೂತು ನುಡಿಸಿದೆ, ಸ್ವರ್ಗ. ಎದ್ದು ನಿಂತೆ, ತಲೆ ಬಗ್ಗಿತು. ಗುಂಡಿ ಎಲ್ಲಿ ಹಾಕಿದರೂ ಬಗ್ಗಿತು. ಹಿಂಬದಿಗೆ ಒಂದು ಕಬ್ಬಿಣದ ತುಂಡು ಬಿಗಿದು ನೋಡಿದಳು. ತಲೆ ಎದ್ದಿತು, ಆದರೆ ಒಟ್ಟು ತೂಕ ನನ್ನ ಹಳೆಯ ಗಿಟಾರಿನಷ್ಟೇ ಆಯಿತು. ಅದನ್ನು ಬಿಚ್ಚಿಸಿ, ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ಮನೆಗೆ ತಂದೆ.

ಹಬ್ಬಕ್ಕೆ ಮುಂಚೆ ನಮ್ಮ ರಿಹರ್ಸಲ್ ನಡೆಯುವುದು ಜೆ.ಪಿ. ನಗರದ ಒಂದು ಕಲ್ಯಾಣ ಮಂಟಪದ ನೆಲಮಾಳಿಗೆಯಲ್ಲಿ. ಹೊಸ ಗಿಟಾರ್ ನೋಡಿ ಎಲ್ಲರೂ ಮುತ್ತಿಕೊಂಡರು. "ಬಾಗ್ಲಾ ಇದು? ಗುರು, ಸಖತ್!" ಎಂದು ಡ್ರಮ್ಸ್ ಹುಡುಗ ತಟ್ಟಿ ನೋಡಿದ. ನಾನು ಉಬ್ಬಿಹೋದೆ. ಮೊದಲ ಹಾಡು ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ಹೆಗಲ ಮೂಳೆ ಕೂಡಿದ ಜಾಗದಲ್ಲಿ ಸೂಜಿ ಚುಚ್ಚತೊಡಗಿತು. ಮೂರನೆಯದರಲ್ಲಿ ಎಡಗೈ ನೆಕ್ಕನ್ನು ಎತ್ತಿ ಹಿಡಿಯುವುದರಲ್ಲೇ ಸೋತು, ಬೆರಳು ಇಳಿಯಬೇಕಾದ ಜಾಗಕ್ಕೆ ಇಳಿಯುವುದು ತಡವಾಯಿತು. ನಾನು ಏನೂ ಆಗದವನ ಹಾಗೆ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತೆ. ಹಾಡುತ್ತಿದ್ದ ನಮ್ಮ ಯಜಮಾನ ನನ್ನ ಕಡೆ ನೋಡದೆ ಕೀಬೋರ್ಡಿನವನಿಗೆ ಕಣ್ಣಲ್ಲೇ ಸನ್ನೆ ಮಾಡಿದ. ನಾನು ನುಡಿಸಬೇಕಾಗಿದ್ದ ಸಾಲು ಕೀಬೋರ್ಡಿನಿಂದ ಬಂತು. ತಪ್ಪಿಲ್ಲದೆ ಬಂತು. ನನ್ನ ಮನೆಗೆ ಬೇರೆಯವರು ಬೀಗದ ಕೈ ಹಾಕಿ ಒಳಗೆ ಹೋದಂತೆ ಅನ್ನಿಸಿತು.

ಹೊರಡುವಾಗ ಅವನು ನನ್ನ ಬ್ಯಾಗನ್ನು ತಾನೇ ಎತ್ತಿಕೊಂಡು ಮೆಟ್ಟಿಲವರೆಗೆ ಬಂದ. "ಅಣ್ಣ, ನೋವು ತಿನ್ಕೊಂಡು ನುಡಿಸ್ಬೇಡಿ. ಹಬ್ಬಕ್ಕೆ ಇನ್ನೂ ಟೈಮಿದೆ, ನೋಡಿ. ಆಗ್ಲಿಲ್ಲ ಅಂದ್ರೆ ಹೇಳ್ಬಿಡಿ," ಎಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ತಲಘಟ್ಟಪುರಕ್ಕೆ ಹೊರಟಾಗ ಅಮ್ಮ, ತನ್ನ ಬಾಗಿಲು ಏನಾಗಿದೆಯೋ ನೋಡಬೇಕು ಎಂದು ಕಾರಿನಲ್ಲಿ ಬಂದು ಕೂತರು. ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಒರೆಸಿಸಿಕೊಂಡು ಕೂತು, ಧೂಳಿಗೆ ಸೆರಗನ್ನು ಮೂಗಿಗೆ ಅಡ್ಡ ಹಿಡಿದು, ಅಲ್ಲಿ ಗುಡಿಸುವವರು ಯಾರೂ ಇಲ್ಲವೇ ಎಂದು ಮೊದಲು ವಿಚಾರಿಸಿದರು. ನಾನು ಬೆಲ್ಟ್ ಹಾಕಿಕೊಂಡು ನಿಂತು, ಗಿಟಾರ್ ತಲೆ ತಗ್ಗಿಸುವುದನ್ನು ತೋರಿಸಿದೆ. ಇನ್ನೇನಾದರೂ ಉಪಾಯ ಇದೆಯೇ, ತಲೆಯನ್ನು ಕೊಯ್ದು ಚಿಕ್ಕದು ಮಾಡಬಹುದೇ ಎಂದು ಕೇಳುತ್ತಿದ್ದೆ. ನೆಕ್ ಬದಲಾಯಿಸುವ ಮಾತು ಮಾತ್ರ ನನ್ನ ಬಾಯಿಂದ ಬರಲಿಲ್ಲ.

"ಇಲ್ಲಿ ಕೊಡು," ಎಂದರು ಅಮ್ಮ.

ತೊಡೆಯ ಮೇಲೆ ಇಟ್ಟುಕೊಂಡು ಮೊದಲು ಬಾಡಿಯನ್ನು ಸವರಿದರು. ಬೆಣೆ ಹಾಕಿದ ಮೊಳೆ ತೂತುಗಳ ಮೇಲೆ ಬೆರಳಾಡಿಸಿದರು. ಆಮೇಲೆ ನೆಕ್ಕನ್ನು ಹಿಡಿದು ಎತ್ತಿ, ಹಾಗೇ ಕೆಳಗಿಟ್ಟರು.

"ಇದು ಚೌಕಟ್ಟಿನ ಮರ ಅಲ್ವಾ?"

ಹೌದೆಂದೆ.

"ಹೊಸ ಮನೆ ಕಟ್ಟಿ ಮುಗಿದ್ಮೇಲೆ ಬಾಗ್ಲನ್ನ ಕೂಲಿಯವನೊಬ್ಬನೇ ತಲೆ ಮೇಲೆ ಹೊತ್ಕೊಂಡು ಮಹಡಿ ಹತ್ತಿದ. ಚೌಕಟ್ಟಿಗೆ ನಾಲ್ಕು ಜನ ಬೇಕಾಯ್ತು, ಅವ್ರೂ ಅರ್ಧ ದಾರೀಲಿ ಇಳಿಸ್ಕೊಂಡ್ರು. ನೀನೂ ಅಲ್ಲೇ ನಿಂತಿದ್ದೆ. ಅದನ್ನ ತಂದು ಮುರಿದ ಹೆಗಲಿಗೆ ನೇತಾಕ್ಕೊಂಡಿದೀಯಲ್ಲ, ಬುದ್ಧಿ ಎಲ್ಲಿಟ್ಟಿದ್ದೆ?"

ಗಿಟಾರ್ ಮಾಡುವವಳು ಆ ಕಡೆ ತಿರುಗಿ ಏನೋ ಹುಡುಕುವವಳಂತೆ ನಿಂತಳು. ಅವಳ ಬೆನ್ನು ನಗುತ್ತಿತ್ತು.

"ಒಂದೇ ಮನೇದು ಇರ್ಲಿ ಅಂತ ಅಮ್ಮ..." ಎಂದು ಎಳೆದೆ.

"ಮನೇದು ಅಂತ ಒರಳುಕಲ್ಲನ್ನೂ ಕಟ್ಕೋತೀಯಾ? ನೀನು ನಿಂತ್ಕೋಬೇಕೋ, ಮರ ಮೆರೀಬೇಕೋ?"

ನನಗೆ ಕೋಪ ಬಂತು, ಯಾಕೆಂದರೆ ಉತ್ತರ ಗೊತ್ತಿತ್ತು. ನಾನು ನಿಂತುಕೊಳ್ಳಬೇಕಿತ್ತು. ಅಷ್ಟಕ್ಕಾಗಿಯೇ ಇದನ್ನೆಲ್ಲ ಶುರು ಮಾಡಿದ್ದು. ನಡುವೆ ಎಲ್ಲೋ ಹೆಗಲನ್ನು ಮರೆತು ಮನೆತನದ ಬಾಗಿಲನ್ನು ಸ್ಟೇಜಿಗೆ ಹತ್ತಿಸಲು ಹೊರಟಿದ್ದೆ. ಸಿಲ್ವರ್ ಓಕ್ ಪಟ್ಟಿ ಇನ್ನೂ ಮೂಲೆಯಲ್ಲೇ ಒರಗಿಕೊಂಡಿತ್ತು. ಅದನ್ನೇ ಹಾಕು ಎಂದೆ. ಧ್ವನಿಯಲ್ಲಿ ಖುಷಿಯೇನೂ ಇರಲಿಲ್ಲ.

ಅಮ್ಮ ಆ ಪಟ್ಟಿಯನ್ನು ನೋಡಿ, "ಟೊಮೇಟೊ ಡಬ್ಬಿ ಮರ," ಎಂದರು. ನನಗೆ ಸ್ವಲ್ಪ ಸಮಾಧಾನವಾಯಿತು. ಆ ವಿಷಯದಲ್ಲಾದರೂ ನಾವಿಬ್ಬರೂ ಒಂದೇ.

ಈ ಸಲ ನೆಕ್ ಮಾಡುವಾಗ ಅವಳು ನನ್ನನ್ನು ಬಿಡುವಿದ್ದಾಗಲೆಲ್ಲ ಕರೆಸಿಕೊಂಡಳು. ಅರ್ಧ ಕೆತ್ತಿದ ಮರವನ್ನು ಕೈಗೆ ಕೊಟ್ಟು, ಕಣ್ಣು ಮುಚ್ಚಿ ಹಿಡಿಯಲು ಹೇಳುವಳು. ಎಲ್ಲಿ ಉಬ್ಬು ಅನ್ನಿಸುತ್ತದೋ ಅಲ್ಲಿ ಪೆನ್ಸಿಲ್ ಗುರುತು, ಮತ್ತೆ ಅರ. ಹೆಬ್ಬೆರಳು ಕೂರುವ ಜಾಗವನ್ನು ಸ್ವಲ್ಪ ಚಪ್ಪಟೆ ಮಾಡಿಸಿಕೊಂಡೆ. ಸಿಲ್ವರ್ ಓಕ್ ಮುದ್ದಿನ ಮರವೇನಲ್ಲ, ನುಣ್ಣಗೆ ಬರುವುದಕ್ಕೆ ಅವಳಿಂದ ಬೇಕಾದಷ್ಟು ಉಪ್ಪುಕಾಗದ ತಿಂದಿತು. ಆದರೆ ಎಣ್ಣೆ ಹಚ್ಚಿದ ಮೇಲೆ ಮೈಮೇಲಿನ ಚುಕ್ಕೆಗಳು ಮೀನಿನ ಹುರುಪೆಯ ಹಾಗೆ ಮಿನುಗಿದವು. ಬಾಗಿಲಿನ ಬೆಲ್ಲದ ಬಣ್ಣದ ಪಕ್ಕ ಆ ನಸುಗೆಂಪು ಬೇರೆಯೇ ಅನ್ನಿಸಿದರೂ ಕಣ್ಣಿಗೆ ಚುಚ್ಚಲಿಲ್ಲ. ನಾನು ಬಾಯಿಬಿಟ್ಟು ಹೊಗಳಲಿಲ್ಲ. ನಾದ ಹೊನ್ನೆಯಷ್ಟು ನಿಲ್ಲುವುದಿಲ್ಲ, ಸ್ವಲ್ಪ ಮೆತ್ತಗೆ ಎಂದು ತಕರಾರು ತೆಗೆದೆ. "ಹೌದು, ಮೆತ್ತಗೆ. ನಿಂತ್ಕೊಳ್ಳಿ ನೋಡೋಣ," ಎಂದಳು.

ನಿಂತೆ. ಎರಡೂ ಕೈ ಬಿಟ್ಟೆ. ಗಿಟಾರ್ ಹಾಗೇ ಇತ್ತು.

ಗಣೇಶನ ಹಬ್ಬದ ನಮ್ಮ ಮೊದಲ ಕಾರ್ಯಕ್ರಮ ಬನಶಂಕರಿಯ ಒಂದು ಅಡ್ಡರಸ್ತೆಯಲ್ಲಿ. ಸ್ಟೇಜಿನ ಹಿಂದೆ ದೊನ್ನೆಯಲ್ಲಿ ಪುಳಿಯೋಗರೆ, ಮುಂದೆ ಬಣ್ಣದ ದೀಪದ ಸರ, ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ. ಅಮ್ಮನೂ ನನ್ನ ಹೆಂಡತಿಯೂ ಎರಡನೇ ಸಾಲಿನಲ್ಲಿ ಕೂತಿದ್ದರು. ನಡುವೆ ಮುಖಂಡರೊಬ್ಬರ ಭಾಷಣ ಬಂತು. ಅವರು ಮುಗಿಸುತ್ತೇನೆ ಎಂದು ಹೇಳಿದ ಮೇಲೂ ಮಾತಾಡಿದರು, ನಾವು ವಾದ್ಯ ಹೊತ್ತುಕೊಂಡು ಗೊಂಬೆಗಳ ಹಾಗೆ ನಿಂತೇ ಇದ್ದೆವು. ಕೂರಲು ಹಿಂದೆ ಪೆಟ್ಟಿಗೆ ಇದೆಯೇ ಎಂದು ನಾನು ಮೊದಲೇ ನೋಡಿಟ್ಟುಕೊಂಡಿದ್ದೆ. ಕೀಬೋರ್ಡಿನವನೂ ನನ್ನನ್ನು ಆಗಾಗ ಗಮನಿಸುತ್ತಿದ್ದ, ಬಹುಶಃ ಸನ್ನೆಗೆ ಕಾಯುತ್ತಿದ್ದ.

ಭಾಷಣ ಮುಗಿದು ಹುಡುಗರು ಕುಣಿಯುವ ಹಾಡುಗಳು ಶುರುವಾದವು. ಒಂದರ ಹಿಂದೆ ಒಂದು, ಉಸಿರು ಬಿಡಲು ಸಮಯವಿಲ್ಲ. ಒಂದು ಹಾಡಿನ ನಡುವೆ ಗಿಟಾರಿಗೆ ಸ್ವಲ್ಪ ಬಿಡುವು ಇರುವ ಕಡೆ, ಹಣೆಯ ಬೆವರು ಕಣ್ಣಿಗೆ ಇಳಿಯಿತು. ಎಡಗೈ ತೆಗೆದು ಒರೆಸಿಕೊಂಡೆ. ಒರೆಸಿಕೊಂಡ ಮೇಲೆ ಹೊಳೆಯಿತು, ನೆಕ್ಕನ್ನು ಬಿಟ್ಟಿದ್ದೇನೆ, ಅದು ಅಲ್ಲೇ ಇದೆ. ಹೆಗಲು ಎಂಬುದೊಂದಿದೆ ಎಂಬುದನ್ನೇ ನಾನು ಎಷ್ಟೋ ಹಾಡುಗಳಿಂದ ಮರೆತಿದ್ದೆ. ಕಣ್ಣು ತುಂಬಿಕೊಂಡಿತು. ಬೆವರು ಎಂದುಕೊಳ್ಳಲಿ ಎಂದು ಮತ್ತೊಮ್ಮೆ ಒರೆಸಿಕೊಂಡು ನನ್ನ ಸಾಲು ನುಡಿಸಿದೆ. ಹಾಡುತ್ತಿದ್ದ ನಮ್ಮ ಯಜಮಾನ ತಿರುಗಿ ನೋಡಿದ. ಅವನಿಗೆ ಅರ್ಥವಾಗಿತ್ತು. ಹಾಡು ಮುಗಿದ ಮೇಲೆ ಮೈಕಿನಲ್ಲೇ, "ಗಿಟಾರಲ್ಲಿ ನಮ್ಮ ಅಣ್ಣ, ಒಂದು ಚಪ್ಪಾಳೆ ಬರ್ಲಿ!" ಎಂದ. ಸಾಮಾನು ಕಟ್ಟುವಾಗ ಹತ್ತಿರ ಬಂದು, ರಾಜ್ಯೋತ್ಸವದ ದಿನಗಳನ್ನು ಬೇರೆ ಯಾರಿಗೂ ಒಪ್ಪಿಕೊಳ್ಳಬೇಡಿ ಎಂದು ಹೇಳಿಹೋದ. ನನ್ನನ್ನು ಬೇರೆ ಯಾರು ಕರೆಯುತ್ತಿದ್ದರು! ಆದರೂ ಸರಿ ನೋಡೋಣ ಎಂದು ಗತ್ತಿನಲ್ಲೇ ಅಂದೆ.

ಆಯುಧ ಪೂಜೆ ಬಂತು. ಆ ದಿನ ನಮ್ಮ ಮನೆಯಲ್ಲಿ ಅಮ್ಮ ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಮಹಡಿಯಿಂದ ಅಂಗಡಿಯವರೆಗೆ ಒಂದೊಂದಕ್ಕೂ ಇಡುತ್ತಾ ಬರುತ್ತಾರೆ. ನೀರಿನ ಮೋಟರಿಗೆ, ಕಾರಿಗೆ, ಮಿಕ್ಸಿಗೆ, ಅಂಗಡಿಯ ಡ್ರಿಲ್ಲಿಂಗ್ ಮಿಷನ್ನಿಗೆ. ನಾನು ಬಿದ್ದ ಏಣಿಗೂ ಇಟ್ಟು, "ನಿನ್ನ ತಪ್ಪಿಲ್ಲ ಬಿಡು" ಎಂದು ಅದಕ್ಕೆ ಹೇಳಿದರು. ಗಿಟಾರನ್ನು ಹಾಲಿನಲ್ಲಿ ಮಣೆಯ ಮೇಲೆ ಗೋಡೆಗೆ ಒರಗಿಸಿ ಇಟ್ಟಿದ್ದೆ. ಪ್ರತಿ ವರ್ಷ ಹಳೆಯ ಗಿಟಾರಿನ ಬಾಡಿಗೆ ಒಂದು ಬೊಟ್ಟು ಇಟ್ಟು ಮುಂದೆ ಹೋಗುತ್ತಿದ್ದರು. ಈ ಸಲ ಬಾಗಿಲಿನ ಮರವಾದ್ದರಿಂದ ಅದಕ್ಕೆ ದೊಡ್ಡ ಮರ್ಯಾದೆಯೇ ಸಿಗುತ್ತದೆ ಎಂದುಕೊಂಡು ನೋಡುತ್ತಾ ನಿಂತೆ.

ಅಮ್ಮ ಬಗ್ಗಿ ಬಾಡಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಬಟ್ಟಲಲ್ಲಿ ಬೆರಳದ್ದಿ, ನೆಕ್ಕಿನ ಹಿಂಬದಿಗೆ, ಹೊಸ್ತಿಲಿಗೆ ಹಚ್ಚುವ ಹಾಗೆ ಉದ್ದಕ್ಕೂ ಅರಿಶಿನ ಸವರಿ, ಅದರ ಮೇಲೆ ಸಾಲಾಗಿ ಕುಂಕುಮದ ಬೊಟ್ಟಿಟ್ಟರು. ಬಾಡಿಗೆ ಏನನ್ನೂ ಇಡಲಿಲ್ಲ.

"ಏನಮ್ಮ, ಟೊಮೇಟೊ ಡಬ್ಬಿ ಮರಕ್ಕೆ ಇಷ್ಟೊಂದು!" ಎಂದು ರೇಗಿಸಿದೆ.

"ಬಾಗ್ಲು ನಮ್ದೇ. ಅದಕ್ಕೆ ಇಟ್ಟೂ ಇಟ್ಟೂ ನನ್ ಕೈ ಸವೆದಿದೆ," ಎಂದರು. ಸೊಂಟ ಹಿಡಿದುಕೊಂಡು ಎದ್ದು ನಿಂತು, ಬೆರಳಲ್ಲಿ ಉಳಿದ ಕುಂಕುಮವನ್ನು ನನ್ನ ಹಣೆಗೆ ಒರೆಸಿದರು. "ನನ್ ಮಗನ್ನ ಎತ್ತಿ ನಿಲ್ಸಿದ್ದು ಇದು."

ಅವರು ಬಟ್ಟಲು ಹಿಡಿದು ಫ್ರಿಜ್ಜಿನ ಕಡೆಗೆ ಹೋದರು.

ಪೂಜೆ ಮುಗಿದ ಮೇಲೆ ಬಟ್ಟೆಯಲ್ಲಿ ಒರೆಸಿದರೂ ಸಿಲ್ವರ್ ಓಕಿನ ಮೈಯೊಳಗೆ ಬಣ್ಣ ಇಳಿದುಬಿಟ್ಟಿತ್ತು. ಗಿಟಾರ್ ಮಾಡುವವಳು ನೋಡಿ, ಮತ್ತೆ ಉಜ್ಜಿ ಎಣ್ಣೆ ಹಚ್ಚಿಕೊಡಲೇ ಎಂದಳು. ಬೇಡವೆಂದೆ. ರಾಜ್ಯೋತ್ಸವದ ಸಂಜೆ ಜಯನಗರದ ಸ್ಟೇಜಿನ ಮೇಲೆ ಕೊನೆಯ ಹಾಡಿನವರೆಗೂ ನಿಂತೇ ನುಡಿಸಿ, ಬೆಲ್ಟ್ ಬಿಚ್ಚುವಾಗ ನೋಡಿಕೊಂಡೆ. ನೆಕ್ಕಿನ ಕುಂಕುಮ ಬೆವರಿಗೆ ಬಿಟ್ಟು ಎಡಗೈ ಹೆಬ್ಬೆರಳು ಕೆಂಪಾಗಿತ್ತು. ಅದನ್ನು ತೊಳೆಯದೆಯೇ ಮನೆಗೆ ಹೋದೆ.